ಪೋಸ್ಟ್‌ಕಾರ್ಡಿನ ಮುದುಕ

ಆರ್ವಿಲ್ ಸ್ಟಾಂಪರ್ ಬೆಳಿಗ್ಗೆ ಎದ್ದವನೇ ನೋಡುತ್ತಿದ್ದದ್ದು ಕನ್ನಡಿಯನ್ನಲ್ಲ, ಒಂದು ಪೋಸ್ಟ್‌ಕಾರ್ಡನ್ನು. ಅಡುಗೆಮನೆಯ ಬಾಗಿಲ ಪಕ್ಕ ಮೊಳೆಗೆ ಸಿಕ್ಕಿಸಿದ್ದ ಆ ಕಾರ್ಡಿನಲ್ಲಿ ಒಬ್ಬ ಮುದುಕ ಕತ್ತೆಯ ಕುತ್ತಿಗೆಯ ಮೇಲೆ ಕೈಯಿಟ್ಟು ನಿಂತಿದ್ದಾನೆ. ಹ್ಯಾಟು ಎಡಕ್ಕೆ ವಾಲಿದೆ, ಕೋಟಿನ ಮೇಲಿನ ಗುಂಡಿ ಬಿಚ್ಚಿದೆ, ಬಿಳಿ ಗಡ್ಡ ಎದೆಯ ತನಕ ಇಳಿದಿದೆ. ತನ್ನ ಹ್ಯಾಟನ್ನೂ ಅಷ್ಟೇ ವಾಲಿಸಿ, ಅದೇ ಗುಂಡಿ ಬಿಚ್ಚಿ, ಗಡ್ಡ ಬಾಚಿಕೊಂಡು ಹೊರಟರೆ ಅವನ ದಿನ ಶುರು. ಮೂವತ್ತು ವರ್ಷ ಇದನ್ನೇ ಮಾಡಿದವನಿಗೆ ಬೇಸರವಾಗುವುದಿಲ್ಲವೇ ಎಂದು ಕೇಳಬಹುದು. ಬೇಸರ ಯಾವಾಗಲೋ ಬಂದು, ಹಳತಾಗಿ, ಮನೆಯ ಮಂದಿಯಂತೆ ಒಂದು ಮೂಲೆ ಹಿಡಿದು ಕೂತಿತ್ತು. ಅದನ್ನು ಎಬ್ಬಿಸಿ ಮಾತಾಡಿಸುವ ಚೈತನ್ಯವೂ ಅವನಿಗೆ ಉಳಿದಿರಲಿಲ್ಲ.

ಅರಿಜೋನಾದ ಹಳೆ ಹೆದ್ದಾರಿಯ ಮೇಲಿರುವ ನಮ್ಮ ಡ್ರೈ ಫೋರ್ಕನ್ನು ಊರೆಂದು ಕರೆಯಲು ನಾಲಿಗೆ ತಡವರಿಸುತ್ತದೆ. ಒಂದು ಪೆಟ್ರೋಲ್ ಬಂಕು, ಬಾಗಿಲು ಹಾಕಿದ ಮೋಟೆಲು, ಅಲ್ಲೊಂದು ಇಲ್ಲೊಂದು ಟ್ರೇಲರ್ ಮನೆ, ಆಮೇಲೆ ಟಟಲ್ ದಂಪತಿಯ ‘ಮುದುಕ ಎಜ್ರಾನ ಚಿನ್ನದ ಗಣಿ’. ಒಂದು ಹಲ್ಲಿಗೆ ಕಟ್ಟಿಸುವಷ್ಟು ಚಿನ್ನವೂ ಆ ಗಣಿಯಲ್ಲಿ ಸಿಕ್ಕಿದ್ದಿಲ್ಲ. ಯಾರೋ ಅಗೆದು ಬೇಸತ್ತು ಬಿಟ್ಟುಹೋದ ಗುಂಡಿ, ಅದರ ಮೇಲೆ ಮರದ ಅಟ್ಟಣೆ, ಪಕ್ಕದಲ್ಲಿ ತಂಪು ಪಾನೀಯ, ಹಣ್ಣಿನ ಪೈ, ಬಣ್ಣದ ಕಲ್ಲು ಮಾರುವ ಅಂಗಡಿ, ಅಷ್ಟೇ.

ಆ ಕಾಲಕ್ಕೆ ಈ ರಸ್ತೆಯಲ್ಲಿ ಹೊಟ್ಟೆಪಾಡೆಂದರೆ ಕಾರು ನಿಲ್ಲಿಸುವುದು. ಕ್ಯಾಲಿಫೋರ್ನಿಯಾಕ್ಕೆ ಹೊರಟ ಜನ, ಹಿಂದಿನ ಸೀಟಿನಲ್ಲಿ ಕಿತ್ತಾಡುವ ಮಕ್ಕಳು, ಕಾದು ಕೆಂಡವಾದ ಎಂಜಿನ್ನು. ಇವರನ್ನು ಹೇಗಾದರೂ ಇಳಿಸಬೇಕು. ಅದಕ್ಕೆಂದು ಒಬ್ಬ ಸಿಮೆಂಟಿನಲ್ಲಿ ಡೈನೊಸಾರ್ ಕಟ್ಟಿದ, ಇನ್ನೊಬ್ಬ ಖಾಲಿ ಬಾಟಲಿಗಳಲ್ಲೇ ಮನೆ ಕಟ್ಟಿದ, ಮತ್ತೊಬ್ಬ ಹಾವುಗಳನ್ನು ಹಳ್ಳಕ್ಕೆ ಹಾಕಿ ಟಿಕೆಟ್ ಇಟ್ಟ. ಏನೇ ಕಟ್ಟಿದರೂ ಅದರದೊಂದು ಚಿತ್ರದ ಕಾರ್ಡು ಇರಲೇಬೇಕು. ಬಂದವರು ಅದರ ಹಿಂದೆ ನಾಲ್ಕು ಸಾಲು ಗೀಚಿ ಊರಿಗೆ ಹಾಕುತ್ತಾರೆ, ಅದನ್ನು ನೋಡಿದವರು ಮುಂದಿನ ಬೇಸಿಗೆಗೆ ಕಾರು ತೊಳೆದು ಹೊರಡುತ್ತಾರೆ. ಕಾರ್ಡಿಲ್ಲದ ಜಾಗ ಜಾಗವೇ ಅಲ್ಲ ಎಂದು ಈ ರಸ್ತೆಯವರೆಲ್ಲ ನಂಬಿದ್ದರು.

ಹಾಲಿಸ್ ಟಟಲ್ ಮರದ ಮಿಲ್ಲಿನಲ್ಲಿ ಎಡಗೈಯ ಎರಡು ಬೆರಳು ಕಳೆದುಕೊಂಡು, ಅದಕ್ಕೆ ಸಿಕ್ಕ ಪರಿಹಾರದಲ್ಲಿ ಈ ಗುಂಡಿ ಕೊಂಡವನು. ಅವನದು ಮಾತು ಕಡಿಮೆ. ಗಂಡನ ಪಾಲಿನದನ್ನೂ ಸೇರಿಸಿ ಹೆಂಡತಿ ಮ್ಯಾಕ್ಸೀನ್ ಮಾತಾಡುತ್ತಿದ್ದಳು. ಇವರ ಅಂಗಡಿಯ ಮುಂದೆ ಸಾವಿರದ ಒಂಬೈನೂರ ಐವತ್ತರ ಬೇಸಿಗೆಯಲ್ಲಿ ಒಂದು ಕಾರು ತಾನಾಗಿಯೇ ನಿಂತಿತು, ಮತ್ತೆ ಏಳಲಿಲ್ಲ. ಅದರಲ್ಲಿ ಇದ್ದವರು ಆರ್ಕನ್ಸಾದ ಆರ್ವಿಲ್ ಮತ್ತು ಅವನ ಹೊಸ ಹೆಂಡತಿ ಲವಾನ್. ಒರೆಗಾನ್ ರಾಜ್ಯದ ಕಡಲ ತೀರದಲ್ಲಿ, ಮೀನು ಡಬ್ಬಕ್ಕೆ ತುಂಬುವ ಕಾರ್ಖಾನೆಯಲ್ಲಿ ಲವಾನಳ ಅಕ್ಕ ನಡೀನ್ ಇಬ್ಬರಿಗೂ ಕೆಲಸ ಹೇಳಿಟ್ಟಿದ್ದಳು. ಲವಾನ್ ಅಲ್ಲಿಯತನಕ ಸಮುದ್ರ ಕಂಡವಳಲ್ಲ. ದಾರಿಯುದ್ದಕ್ಕೂ ಅದರದೇ ಜಪ.

ಕಾರಿನ ಬಿಡಿಭಾಗ ಹತ್ತಿರದ ಪೇಟೆಯಾದ ಕಿಂಗ್‌ಮನ್ನಿನಿಂದ ಬರಬೇಕಿತ್ತು. ಬರುವ ತನಕ ಅಂಗಡಿಯಲ್ಲಿ ಕೈಗೆ ಸಿಕ್ಕ ಕೆಲಸ ಮಾಡಿಕೊಂಡಿರಿ ಎಂದಳು ಮ್ಯಾಕ್ಸೀನ್. ಅದು ಬಂದ ದಿನವೇ ಬೆಳಿಗ್ಗೆ ಅವಳು ಆರ್ವಿಲ್‌ನನ್ನು ಹಿಂದಿನ ಕೋಣೆಗೆ ಕರೆದು, ಮೇಲಿನಿಂದ ಕೆಳಗೆ ಅಳೆದು ನೋಡಿದಳು.

“ಏ ಹುಡುಗಾ, ನಿನ್ನ ಎತ್ತರ ಸರಿಯಾಗಿದೆ. ಒಂದು ಉಪಕಾರ ಮಾಡ್ಬೇಕು. ಇಲ್ಲ ಅನ್ಬೇಡ.”

“ಏನು ಹೇಳಿ, ಮಿಸೆಸ್ ಟಟಲ್.”

“ನಮ್ಮ ಎಜ್ರಾ ಮೊನ್ನೆ ತೀರಿಕೊಂಡ. ಈ ಗಣಿ ತೋಡಿದ ಮುದುಕ. ಇವತ್ತು ಕಾರ್ಡಿನ ಕಂಪನಿಯವನು ಫೋಟೋ ತೆಗೆಯೋಕೆ ಬರ್ತಿದ್ದಾನೆ. ಮತ್ತೆ ಬರೋದು ಯಾವ ಕಾಲಕ್ಕೋ. ಎಜ್ರಾನ ಕೋಟು ಹಾಕ್ಕೊಂಡು ಒಂದು ಗಳಿಗೆ ಕತ್ತೆ ಪಕ್ಕ ನಿಂತ್ಕೊ ಸಾಕು.”

“ನನಗಿನ್ನೂ ಇಪ್ಪತ್ತೆಂಟು ಕಣಮ್ಮಾ!”

“ಗಡ್ಡದೊಳಗಿದ್ರೆ ಯಾರಿಗೆ ಗೊತ್ತಾಗುತ್ತೆ? ರಾತ್ರಿಯೆಲ್ಲಾ ಕೂತು ಕುದುರೆ ಕೂದಲಲ್ಲಿ ಗಡ್ಡ ಹೊಲ್ದಿದ್ದೀನಿ, ನೋಡು.” ಮ್ಯಾಕ್ಸೀನಳ ಕಣ್ಣು ತುಂಬಿತು. “ಪಾಪ, ಸಾಯೋವಾಗ ಒಂದೇ ಮಾತು ಅಂದ. ‘ನನ್ನ ಕತ್ತೇನ ಒಂಟಿ ಬಿಡಬೇಡಿ’ ಅಂತ.”

ಆರ್ವಿಲ್ ಮೆತ್ತನೆ ಕರುಳಿನವನು. ಸತ್ತವನ ಕೋಟು ತೊಡುವುದಕ್ಕೆ ಮೈ ಜುಮ್ಮೆಂದರೂ ತೊಟ್ಟ. ಗಡ್ಡದ ತಂತಿಯನ್ನು ಕಿವಿಗೆ ಸಿಕ್ಕಿಸಿಕೊಂಡು ಕತ್ತೆಯ ಪಕ್ಕ ನಿಂತ. ಲವಾನ್ ಅಂಗಡಿಯ ಮೆಟ್ಟಿಲ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು. “ಅಯ್ಯಯ್ಯೋ, ನನ್ನ ಗಂಡ ಒಂದೇ ಬೆಳಿಗ್ಗೆಗೆ ಮುದುಕ ಆಗ್ಬಿಟ್ಟ! ಬೇಗ ತೆಗಿ ಅದನ್ನ, ಹೊರಡೋಣ.”

ಹೊರಡಲಿಲ್ಲ. ಇನ್ನೊಂದು ವಾರ ಇರಿ, ಕತ್ತೆ ಹೊಸಬರಿಗೆ ಒಗ್ಗಿಕೊಳ್ಳಲಿ ಎಂದಳು ಮ್ಯಾಕ್ಸೀನ್. ಆಮೇಲೆ ಬೇಸಿಗೆ ಮುಗಿಯಲಿ ಎಂದಳು. ಅಷ್ಟರಲ್ಲಿ ಷಿಕಾಗೋದಿಂದ ಕಾರ್ಡುಗಳ ಪೆಟ್ಟಿಗೆ ಬಂದಿಳಿಯಿತು.

ಆ ಕಾರ್ಡಿನ ಕಥೆ ಹೇಳಿದರೆ ನಗಬೇಕೋ ಅಳಬೇಕೋ ತಿಳಿಯದು. ತೆಗೆದ ಫೋಟೋ ಕಪ್ಪು ಬಿಳುಪು. ಬಣ್ಣ ಬಳಿಯುವವರು ಷಿಕಾಗೋದ ಕಾರ್ಖಾನೆಯಲ್ಲಿ ಕೂತ ಮಂದಿ. ಮರುಭೂಮಿಯನ್ನು ಕನಸಿನಲ್ಲೂ ಕಾಣದ ಆ ಪುಣ್ಯಾತ್ಮರು ಗಣಿಯ ಸುತ್ತ ಹಚ್ಚ ಹಸುರು ಹುಲ್ಲು ಬೆಳೆಸಿದ್ದರು. ಬೂದು ಕತ್ತೆಗೆ ಕಂದು ಬಣ್ಣ ಹಾಕಿದ್ದರು. ಬರೀ ಮರದ ಅಟ್ಟಣೆಯನ್ನು ಕೆಂಪು ಮಾಡಿದ್ದರು. ಅಂಗಡಿಯ ಮುಂದಿನ ಕರೆಂಟು ಕಂಬವನ್ನು ಅಳಿಸಿಯೇ ಹಾಕಿದ್ದರು. ಆರ್ವಿಲ್‌ನ ಕಂದು ಕಣ್ಣು ನೀಲಿಯಾಗಿತ್ತು. ಮೆಟ್ಟಿಲ ಮೇಲೆ ನಗುತ್ತ ಕೂತಿದ್ದ ಲವಾನಳ ಜಾಗದಲ್ಲಿ ಒಂದು ಪಾಪಾಸುಕಳ್ಳಿ ನಿಂತಿತ್ತು.

ಇಂಥ ಕಾರ್ಡನ್ನು ತಿರುಗಿ ಕಳಿಸುವಂತಿಲ್ಲ. ಒಂದು ಸಲಕ್ಕೆ ಸಾವಿರಗಟ್ಟಲೆ ಅಚ್ಚಾಗಿ ಬರುತ್ತದೆ, ದುಡ್ಡು ಮೊದಲೇ ಹೋಗಿರುತ್ತದೆ. ಬಂದ ಗಿರಾಕಿಗಳು ಕಾರ್ಡು ಕೈಯಲ್ಲಿ ಹಿಡಿದು, “ಹುಲ್ಲೆಲ್ಲಿ? ಕೆಂಪು ಗೋಪುರ ಎಲ್ಲಿ?” ಎಂದು ಶುರು ಮಾಡಿದರು. ಬೇರೆ ಊರಿನವರಾದರೆ ಕಾರ್ಡಿನವನಿಗೆ ಹಿಡಿಶಾಪ ಹಾಕಿ ಸುಮ್ಮನಾಗುತ್ತಿದ್ದರು. ನಮ್ಮ ಹಾಲಿಸ್ ಬಣ್ಣದ ಡಬ್ಬ ತಂದ. ಅಟ್ಟಣೆಗೆ ಕೆಂಪು ಬಳಿದ. ಹುಲ್ಲು ಬೆಳೆಯಲಿಲ್ಲ, ಅದಕ್ಕೆ ನೆಲದ ಕಲ್ಲುಗಳಿಗೆಲ್ಲ ಹಸುರು ಬಳಿದ. ಕಂಬಕ್ಕೆ ತಗಡು ಸುತ್ತಿ ಅದನ್ನೂ ಕಳ್ಳಿಯಂತೆ ಮಾಡಿದ. ಕತ್ತೆಗೆ ತಿಂಗಳಿಗೊಮ್ಮೆ ಕಾಫಿ ಡಿಕಾಕ್ಷನ್ ಉಜ್ಜಿ ಕಂದು ಮಾಡುವ ಕೆಲಸ ಆರ್ವಿಲ್‌ನ ಪಾಲಿಗೆ ಬಂತು. ಕಣ್ಣಿಗೆ ಬಣ್ಣ ಬಳಿಯುವಂತಿರಲಿಲ್ಲವಾದ್ದರಿಂದ ಹ್ಯಾಟನ್ನು ಹುಬ್ಬಿನ ತನಕ ಎಳೆದುಕೋ ಎಂದಳು ಮ್ಯಾಕ್ಸೀನ್. ಕಾರ್ಡು ತಪ್ಪಾದರೆ ಜಾಗವನ್ನೇ ತಿದ್ದುವ ಬುದ್ಧಿ ಈ ರಸ್ತೆಯವರಿಗಲ್ಲದೆ ಇನ್ಯಾರಿಗೆ ಬರಬೇಕು!

ಜನ ಮೊದಲು ಕೇಳುತ್ತಿದ್ದದ್ದು ಮಾತ್ರ ಮುದುಕನನ್ನು. “ಕಾರ್ಡಿನಲ್ಲಿರೋ ತಾತ ಎಲ್ಲಿ?” ಎಂದು ಮಕ್ಕಳು ಕಾರಿನಿಂದ ಇಳಿಯುವ ಮೊದಲೇ ಕೂಗುತ್ತಿದ್ದವು. ಇಲ್ಲ ಎಂದರೆ ಕಾರಿನ ಬಾಗಿಲು ಮತ್ತೆ ಮುಚ್ಚಿಕೊಳ್ಳುತ್ತಿತ್ತು. ಹೀಗೆ ಒಂದು ಗಳಿಗೆಗೆಂದು ನಿಂತವನು ನಿಂತೇ ಬಿಟ್ಟ. ಕುದುರೆ ಕೂದಲಿನ ಗಡ್ಡ ಸೆಕೆಗೆ ಕೆನ್ನೆಯೆಲ್ಲ ಬೊಬ್ಬೆ ಎಬ್ಬಿಸಿದಾಗ ಸ್ವಂತ ಗಡ್ಡ ಬಿಟ್ಟ. ಅದು ಕಪ್ಪಗಿತ್ತು, ಕ್ಯಾನ್ವಾಸ್ ಬೂಟಿಗೆ ಹಚ್ಚುವ ಬಿಳಿ ಪಾಲಿಷ್ ಬಳಿದುಕೊಂಡ. ವರ್ಷಗಳು ಹೋದವು. ಗಡ್ಡ ತಾನಾಗಿಯೇ ಬೆಳ್ಳಗಾದಾಗ, ಸದ್ಯ ಪಾಲಿಷ್ ಖರ್ಚು ಉಳಿಯಿತು ಎಂದು ಸಮಾಧಾನಪಟ್ಟವನು ಅವನೊಬ್ಬನೇ ಇರಬೇಕು.

ಅಂಗಡಿಯ ಹಿಂದಿನ ದಿಬ್ಬದಲ್ಲಿ ಎಜ್ರಾನ ಸಮಾಧಿಯಿತ್ತು. ಕಲ್ಲಿನ ಗುಡ್ಡೆ, ಮೇಲೊಂದು ಮರದ ಶಿಲುಬೆ. ಜನರ ಮುಂದೆ ಎಜ್ರಾ ಜೀವಂತ ಇರಬೇಕಾದ್ದರಿಂದ ಶಿಲುಬೆಯ ಮೇಲೆ ಹೆಸರಿರಲಿಲ್ಲ. ಮೇ ಕೊನೆಯಲ್ಲಿ ಎಲ್ಲರೂ ತಮ್ಮವರ ಸಮಾಧಿಗೆ ಹೂವಿಡುವ ದಿನ ಆರ್ವಿಲ್ ಬೆಳಗಾಗುತ್ತಲೇ ಅಲ್ಲಿಗೆ ಹೋಗುತ್ತಿದ್ದ. ಮರುಭೂಮಿಯಲ್ಲಿ ಸಿಕ್ಕ ಹೂವನ್ನಿಟ್ಟು ಹ್ಯಾಟು ತೆಗೆದು ನಿಲ್ಲುತ್ತಿದ್ದ. “ನಿಮ್ಮ ಕೋಟು ಹಾಕ್ಕೊಂಡಿದ್ದೀನಿ, ಕ್ಷಮಿಸಿ ಸಾಹೇಬ್ರೇ. ಕತ್ತೆ ಚೆನ್ನಾಗಿದೆ,” ಎನ್ನುತ್ತಿದ್ದ. ಕತ್ತೆ ಸತ್ತು ಇನ್ನೊಂದು ಬಂದರೂ, ಅದೂ ಸತ್ತು ಮತ್ತೊಂದು ಬಂದರೂ ಹೇಳುತ್ತಿದ್ದದ್ದು ಅದೇ ಮಾತು. ಕತ್ತೆಯನ್ನು ಒಂಟಿ ಬಿಡುವುದಿಲ್ಲವೆಂದು ಆ ಸಮಾಧಿಯ ಮುಂದೆ ಸತ್ತವನಿಗೆ ಕೊಟ್ಟ ಮಾತೆಂಬುದು ಅವನ ಬೆನ್ನಿಗೆ ಹತ್ತಿದ ಚೀಲದ ಹಾಗಿತ್ತು, ಇಳಿಸಲು ಕೈ ಬರುತ್ತಿರಲಿಲ್ಲ.

ಅವನನ್ನು ಕಟ್ಟಿಹಾಕಿದ್ದು ಇನ್ನೂ ಒಂದಿತ್ತು, ಅದನ್ನು ಅವನು ಯಾರಿಗೂ ಬಾಯಿಬಿಟ್ಟು ಹೇಳಿದ್ದಿಲ್ಲ. ಚಿಕ್ಕಂದಿನಲ್ಲಿ ಬಂದ ಮಕ್ಕಳು ದೊಡ್ಡವರಾಗಿ ತಮ್ಮ ಮಕ್ಕಳನ್ನು ಕರೆತರುತ್ತಿದ್ದರು. ಅಜ್ಜಿಮನೆಯಲ್ಲಿ ಸಿಕ್ಕ ಮಾಸಿದ ಕಾರ್ಡು ಅವರ ಕೈಯಲ್ಲಿರುತ್ತಿತ್ತು. ಮೀಸೆ ಬಂದ ಗಂಡಸರು ಅವನ ಕೈ ಹಿಡಿದು, “ಅಬ್ಬಾ, ತಾತಾ, ಒಂಚೂರೂ ಬದಲಾಗಿಲ್ಲವಲ್ಲ ನೀವು!” ಎನ್ನುವಾಗ ಅವರ ಕಣ್ಣು ಒದ್ದೆಯಾಗಿರುತ್ತಿತ್ತು. ಮನೆ ಮುರಿದಿರುತ್ತದೆ, ಅಪ್ಪ ಹೋಗಿರುತ್ತಾನೆ, ಯುದ್ಧಕ್ಕೆ ಹೋಗಿ ಬಂದಿರುತ್ತಾರೆ. ಈ ಮುದುಕನೊಬ್ಬ ಇದ್ದ ಹಾಗೇ ಇದ್ದಾನೆ. “ಎಜ್ರಾಗೆ ಈಗ ನೂರ ನಾಲ್ಕು,” ಎಂದು ಮ್ಯಾಕ್ಸೀನ್ ಒಳಗಿನಿಂದಲೇ ಕೂಗುತ್ತಿದ್ದಳು. ಐವತ್ತೊಂಬತ್ತರ ಆರ್ವಿಲ್ ಹ್ಯಾಟು ಎಳೆದುಕೊಳ್ಳುತ್ತಿದ್ದ. ಅವನಿಗೆ ಆಗ ಹೆಮ್ಮೆಯೂ ಆಗುತ್ತಿತ್ತು, ನಾಚಿಕೆಯೂ ಆಗುತ್ತಿತ್ತು.

ಹಾಲಿಸ್ ಸತ್ತ. ಹೊಸ ಹೆದ್ದಾರಿ ಬೆಟ್ಟದ ಆಚೆ ಬದಿಯಲ್ಲಿ ಹಾದುಹೋಯಿತು, ಕಾರುಗಳೆಲ್ಲ ಅದರ ಹಿಂದೆ ಹೋದವು. ಮೋಟೆಲಿನವನು ಬಾಗಿಲು ಹಾಕಿದ, ಹಾವಿನವನು ಹಾವುಗಳನ್ನು ಬಿಟ್ಟು ತಾನೂ ಹೋದ. ನಮ್ಮ ರಸ್ತೆಯಲ್ಲಿ ಮಧ್ಯಾಹ್ನ ನಾಯಿ ಮಲಗಿದರೆ ಸಂಜೆಯ ತನಕ ಏಳಬೇಕಾದ ಪ್ರಮೇಯವಿರಲಿಲ್ಲ. ಆದರೂ ಆರ್ವಿಲ್ ಬೆಳಿಗ್ಗೆ ಹ್ಯಾಟು ವಾಲಿಸಿ, ಗುಂಡಿ ಬಿಚ್ಚಿ ಹೋಗಿ ನಿಲ್ಲುತ್ತಿದ್ದ. ಕಣ್ಣಿಗೆ ಪೊರೆ ಬಂದ ಮ್ಯಾಕ್ಸೀನ್ ಕೌಂಟರಿನ ಹಿಂದೆ ಕೂತು, ಬರದ ಗಿರಾಕಿಗಳಿಗೆ ಕಾಯುತ್ತಿದ್ದಳು.

ಲವಾನ್ ಇಷ್ಟು ವರ್ಷ ಅದೇ ಅಂಗಡಿಯ ಹಿಂದೆ ಪೈ ಬೇಯಿಸಿದ್ದಳು. ಗಣಿಯ ಧೂಳು, ಒಲೆಯ ಕಾವು ಅವಳ ಎದೆಯನ್ನು ಹಿಂಡಿಹಾಕಿದ್ದವು. ಎರಡು ಮೆಟ್ಟಿಲು ಹತ್ತಿದರೆ ಉಸಿರಿಗೆ ಒದ್ದಾಡುತ್ತಿದ್ದಳು. ಕಿಂಗ್‌ಮನ್ನಿನ ಡಾಕ್ಟರು ಈ ಒಣ ಧೂಳಿನಲ್ಲಿ ಇನ್ನೊಂದು ಬೇಸಿಗೆ ಕಳೆಯಬೇಡಿ, ಕಡಲ ಗಾಳಿ ಇರುವಲ್ಲಿಗೆ ಹೋಗಿ ಎಂದಿದ್ದರು. ಒರೆಗಾನಿನಲ್ಲಿ ಅಕ್ಕ ನಡೀನಳ ಗ್ಯಾರೇಜಿನ ಮೇಲಿನ ಕೋಣೆ ಖಾಲಿಯಾಗಿತ್ತು.

“ಶನಿವಾರ ನಾನು ಹೊರಡೋದು ಖಂಡಿತ,” ಎಂದಳು ಲವಾನ್ ಒಂದು ಸಂಜೆ, ತಟ್ಟೆಗೆ ಬೀನ್ಸು ಬಡಿಸುತ್ತ. “ನೀನು ಬಂದ್ರೆ ಇಬ್ರು. ಇಲ್ಲಾಂದ್ರೆ ಒಬ್ಳೇ. ಬಸ್ಸಿದೆ.”

“ಮಿಸೆಸ್ ಟಟಲ್‌ಗೆ ಕಣ್ಣು ಕಾಣಲ್ಲ ಲವಾನ್.”

“ಅವಳ ತಂಗಿ ಮಗಳು ಬಾ ಬಾ ಅಂತ ಕಿಂಗ್‌ಮನ್ನಿಂದ ಬಡ್ಕೊಳ್ತಿದ್ದಾಳೆ. ಆ ಮುದುಕಿ ಹೋಗಲ್ಲ. ಯಾಕೆ ಹೇಳು? ನೀನು ನಿಂತಿದ್ದೀಯಲ್ಲ, ಅದಕ್ಕೆ.”

“ಎಜ್ರಾಗೆ ಮಾತು ಕೊಟ್ಟಿದ್ದೀನಿ.”

ಲವಾನ್ ಸೌಟನ್ನು ಪಾತ್ರೆಗೆ ಕುಕ್ಕಿದಳು. “ಸತ್ತೋನಿಗೆ ಮೂವತ್ತು ವರ್ಷ ಕತ್ತೆ ಕಾಯ್ದೆ. ನಾನಿನ್ನೂ ಬದುಕಿದ್ದೀನಿ ಕಣಯ್ಯಾ. ನನ್ನ ಯಾವಾಗ ಕಾಯ್ತೀಯಾ?” ಅಷ್ಟು ಹೇಳುವಷ್ಟರಲ್ಲಿ ಕೆಮ್ಮು ಬಂದು ಅವಳು ಸಿಂಕು ಹಿಡಿದು ನಿಂತಳು. ಆರ್ವಿಲ್ ಬೆನ್ನು ಸವರಲು ಎದ್ದ. ಅವಳು ಕೈ ಕೊಡವಿದಳು. ಅವನಿಗೆ ಅನ್ನಿಸಿದ್ದು ಒಂದೇ, ನನಗೆ ಸುಸ್ತಾಗಿದೆ. ಹೋಗುವುದಕ್ಕೂ ಸುಸ್ತು, ಇರುವುದಕ್ಕೂ ಸುಸ್ತು.

ಗುರುವಾರ ಒಂದು ಕಾರು ಬಂತು. ಇಳಿದವನು ಓಹಾಯೋದ ನಿವೃತ್ತ ಮೇಷ್ಟ್ರು, ಗೇಲಾರ್ಡ್ ಫೆನ್ಸ್ಕೆ ಎಂದು ಹೆಸರು. ಹಳೆಯ ರಸ್ತೆಬದಿಯ ಮೋಜಿನ ಜಾಗಗಳ ಕಾರ್ಡು ಕೂಡಿಸುವ ಹುಚ್ಚಿನವನು. ಬೇಸಿಗೆಯಿಡೀ ಕಾರ್ಡು ಹಿಡಿದು ಜಾಗ ಹುಡುಕುತ್ತ ಬಂದಿದ್ದನಂತೆ. ಹೆಚ್ಚಿನ ಕಡೆ ಅವನಿಗೆ ಸಿಕ್ಕಿದ್ದು ಬರೀ ಅಡಿಪಾಯ, ಒಡೆದ ಬೋರ್ಡು. ಆರ್ವಿಲ್‌ನನ್ನು ಕಂಡದ್ದೇ ಮೇಷ್ಟ್ರು ಮಗುವಿನಂತೆ ಕುಣಿದ.

“ಇದ್ದೀರಾ! ಇನ್ನೂ ಇದ್ದೀರಾ! ಅಲ್ಲೇ ನಿಲ್ಲಿ, ಅಲ್ಲಾಡಬೇಡಿ. ಡೈನೊಸಾರ್ ಹೋಯ್ತು, ಬಾಟಲಿ ಮನೆ ಹೋಯ್ತು, ನೀವಿದ್ದೀರಲ್ಲ ಸ್ವಾಮಿ!”

ಫೋಟೋ ತೆಗೆದಾದ ಮೇಲೆ ಅವನು ಕಾರಿನ ಬಾನೆಟ್ಟಿನ ಮೇಲೆ ಆಲ್ಬಮ್ ಹರಡಿ ಹಾಳೆ ತಿರುವಿದ. ಒಂದೊಂದು ಹಾಳೆಯಲ್ಲೂ ಆರ್ವಿಲ್‌ಗೆ ಗೊತ್ತಿದ್ದ ಮಂದಿಯ ಜಾಗಗಳು, ಇಲ್ಲದ ಹುಲ್ಲು, ಇಲ್ಲದ ಮೋಡ. ಎಲ್ಲ ಊರಿನ ಆಕಾಶಕ್ಕೂ ಒಂದೇ ನೀಲಿ. ಆ ರಸ್ತೆಯಿಡೀ ಹಾಗೆ ಹಾಳೆಗಳಲ್ಲಿ ಮಲಗಿರುವುದನ್ನು ನೋಡುತ್ತ ಅವನಿಗೆ ಯಾರದೋ ಸಾವಿನ ಮನೆಗೆ ಹೋದಂತಾಯಿತು.

“ಇದೊಂದು ಅಪರೂಪದ್ದು,” ಎಂದ ಮೇಷ್ಟ್ರು. “ನಿಮ್ಮದೇ. ಈ ಬಣ್ಣದ ಕಾರ್ಡಿಗಿಂತ ಹಳೇದು, ನಲವತ್ತೆಂಟರದ್ದು. ಬಣ್ಣ ಹಾಕಿಲ್ಲ, ಬರೀ ಫೋಟೋ. ಇದರಲ್ಲಿ ಸ್ವಲ್ಪ ದಪ್ಪ ಇದ್ರಿ ಅಲ್ವಾ?”

ಎಜ್ರಾ! ಆರ್ವಿಲ್ ಎರಡೂ ಕೈಯಲ್ಲಿ ಆಲ್ಬಮ್ ಹಿಡಿದುಕೊಂಡ. ಇಷ್ಟು ವರ್ಷ ಕ್ಷಮೆ ಕೇಳುತ್ತ ಬಂದ ಮನುಷ್ಯನ ಮುಖವನ್ನು ಅವನು ಒಮ್ಮೆಯೂ ಕಂಡಿರಲಿಲ್ಲ. ಅದೇ ಕೋಟು, ಅದೇ ಹ್ಯಾಟು, ಬೂದು ಕತ್ತೆ. ಎದೆಯ ತನಕ ಅದೇ ಗಡ್ಡ. ಕಿವಿಯ ಬಳಿ ಏನೋ ಮಿನುಗುತ್ತಿತ್ತು. ಬಗ್ಗಿ ನೋಡಿದರೆ ತಂತಿ.

ಆಮೇಲೆ ಅವನ ಕಣ್ಣು ಕತ್ತೆಯ ಕುತ್ತಿಗೆಯ ಮೇಲಿದ್ದ ಕೈಗೆ ಹೋಯಿತು. ಎಡಗೈ. ಎರಡು ಬೆರಳಿಲ್ಲ.

ಹಾಲಿಸ್! ಗಡ್ಡದೊಳಗೆ ಕೂತಿದ್ದವನು ಹಾಲಿಸ್ ಟಟಲ್. ರಾತ್ರಿ ಹೊಲಿದೆ ಎಂದು ಮ್ಯಾಕ್ಸೀನ್ ಕೊಟ್ಟ ಗಡ್ಡಕ್ಕೆ ಆ ದಿನವೇ ಹಳೆ ಬೆವರಿನ ವಾಸನೆ ಯಾಕಿತ್ತು ಎಂದು ಅವನು ಒಂದು ದಿನವೂ ಕೇಳಿಕೊಂಡಿರಲಿಲ್ಲ. ಈಗ ಆ ವಾಸನೆ ಮೂಗಿಗೆ ಬಂದಂತಾಯಿತು.

“ನೀವೇ ತಾನೆ?” ಎಂದ ಮೇಷ್ಟ್ರು, ಬರೆದುಕೊಳ್ಳಲು ಪೆನ್ನು ಹಿಡಿದು.

ಆರ್ವಿಲ್ ತನ್ನ ಕೈಗಳನ್ನು ಕೋಟಿನ ಜೇಬಿಗೆ ತುರುಕಿಕೊಂಡ. “ಹೂಂ. ಆಗ ಸ್ವಲ್ಪ ದಪ್ಪ ಇದ್ದೆ.”

ಕಾರು ಮರೆಯಾದ ಮೇಲೆ ಅವನು ದಿಬ್ಬ ಹತ್ತಿದ. ಸಮಾಧಿಯ ಕಲ್ಲುಗಳ ಮುಂದೆ ನಿಂತ. ಕಾಲಿನಿಂದ ಒಂದನ್ನು ಸರಿಸಿದ. ಅದರ ಕೆಳಗಿನ ಕಲ್ಲಿಗೆ, ಎಜ್ರಾ ‘ಸತ್ತ’ ಎಷ್ಟೋ ದಿನಗಳ ಮೇಲೆ ಹಾಲಿಸ್ ಬಳಿದ ಹಸುರು ಬಣ್ಣ ಹತ್ತಿತ್ತು. ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ತಾನೆಷ್ಟು ದಡ್ಡ ಎಂದುಕೊಳ್ಳುತ್ತ ಅವನು ಆ ಕಲ್ಲನ್ನು ಮತ್ತೆ ಅದರ ಜಾಗಕ್ಕೆ ಸರಿಸಿದ.

ಮ್ಯಾಕ್ಸೀನ್ ಅಂಗಡಿಯಲ್ಲಿ ಬಣ್ಣದ ಕಲ್ಲುಗಳ ಧೂಳು ಒರೆಸುತ್ತಿದ್ದಳು.

“ಮಿಸೆಸ್ ಟಟಲ್, ಆ ಸಮಾಧೀಲಿ ಯಾರಿದ್ದಾರೆ?”

“ಯಾಕೋ ಹುಡುಗಾ? ಬಿಸಿಲು ಹೊಡೀತಾ?”

“ಹಾಲಿಸ್ ಗಡ್ಡ ಕಟ್ಕೊಂಡಿರೋ ಕಾರ್ಡು ನೋಡ್ದೆ. ಆ ಮೇಷ್ಟ್ರ ಹತ್ರ ಇತ್ತು.”

ಮ್ಯಾಕ್ಸೀನ್ ಇನ್ನೊಂದು ಕಲ್ಲು ಎತ್ತಿಕೊಂಡು ಒರೆಸಿದಳು. “ಎಲ್ಲಾ ಸುಟ್ಟುಹಾಕಿದ್ದೀನಿ ಅಂದ್ಕೊಂಡಿದ್ದೆ. ಬೆರಳಿಲ್ಲದ ಮುದುಕ ಅಂತ ಮಕ್ಕಳು ಹೆದರಿ ಅಳ್ತಿದ್ವು. ಹಾಲಿಸ್ ಎಷ್ಟು ನೊಂದ್ಕೊಳ್ತಿದ್ದ ಗೊತ್ತಾ ನಿಂಗೆ? ಕೈ ಜೇಬಲ್ಲಿ ಇಟ್ಕೊ ಅಂದ್ರೆ ಕತ್ತೆ ಓಡೋದು.”

“ಸಮಾಧೀಲಿ ಯಾರು ಅಂತ ಕೇಳ್ದೆ.”

“ಕಲ್ಲು. ಹಾಲಿಸ್ ಒಂದು ಭಾನುವಾರ ಕೂತು ಜೋಡಿಸ್ದ. ನಿನ್ನ ಕಾರು ಸರಿಹೋಗಿತ್ತು, ಬೇಸಿಗೆ ಮುಗಿದ್ರೆ ನೀವು ಹೊರಟುಬಿಡ್ತಿದ್ರಿ. ಸತ್ತೋನ ಮಾತು ಅಂದ್ರೆ ನಿನ್ನಂಥೋನು ನಿಲ್ತಾನೆ ಅಂತ ನಿನ್ನ ಮುಖ ನೋಡಿದ್ರೇ ಗೊತ್ತಾಗ್ತಿತ್ತು.”

“ಹಾಗಾದ್ರೆ ಎಜ್ರಾ ಅನ್ನೋನು ಇರಲೇ ಇಲ್ಲ.”

ಮ್ಯಾಕ್ಸೀನ್ ಪೊರೆಗಟ್ಟಿದ ಕಣ್ಣನ್ನು ಅವನ ದನಿಯ ಕಡೆ ತಿರುಗಿಸಿದಳು. ನಿಜವಾಗಿಯೂ ಅವಳಿಗೆ ಆಶ್ಚರ್ಯವಾದಂತಿತ್ತು. “ಇರಲಿಲ್ಲ ಅಂದ್ರೆ? ಮೂವತ್ತು ವರ್ಷದಿಂದ ನನ್ನ ಅಂಗಡಿ ಮುಂದೆ ನಿಂತಿರೋನು ಯಾರೋ?”

ಬೈಯಬೇಕೆಂದು ಬಂದಿದ್ದವನು ಕೋಟು ಕಳಚಿ ಮೊಳೆಗೆ ತಗುಲಿಹಾಕಿ ಮನೆಗೆ ನಡೆದ.

ಲವಾನ್ ಪೆಟ್ಟಿಗೆ ಕಟ್ಟುತ್ತಿದ್ದಳು. ಹೊತ್ತಲ್ಲದ ಹೊತ್ತಿನಲ್ಲಿ ಬಂದವನನ್ನು ನೋಡಿ ಏನೋ ಆಗಿದೆ ಎಂದು ಗೊತ್ತಾಯಿತವಳಿಗೆ. ಅವನು ಕುರ್ಚಿಯಲ್ಲಿ ಕೂತು ನಡೆದದ್ದನ್ನು ಹೇಳಿದ. ಹೇಳುವಾಗ ಒಂದು ಸಲವೂ ದನಿ ಏರಲಿಲ್ಲ. ಅವಳು ನಗುತ್ತಾಳೆ, ಇಲ್ಲವೇ ಮ್ಯಾಕ್ಸೀನಳ ಜನ್ಮ ಜಾಲಾಡುತ್ತಾಳೆ ಎಂದುಕೊಂಡಿದ್ದ. ಅವಳು ಎರಡನ್ನೂ ಮಾಡಲಿಲ್ಲ.

“ಕತ್ತರಿ ಎಲ್ಲಿದೆ?” ಎಂದ ಆರ್ವಿಲ್.

“ನಾನೇ ಕತ್ತರಿಸ್ತೀನಿ ಇರು.”

ಕಿಟಕಿಯ ಬಳಿ ಬೆಳಕಿಗೆ ಕೂರಿಸಿ, ಕುತ್ತಿಗೆಗೆ ಟವೆಲ್ ಸುತ್ತಿ ಲವಾನ್ ಶುರುಮಾಡಿದಳು. ನಡುವೆ ಉಸಿರು ಕಟ್ಟಿ ನಿಲ್ಲುತ್ತಿದ್ದಳು, ಅವನು ಕಾಯುತ್ತಿದ್ದ. ಗಡ್ಡ ಗೊಂಚಲು ಗೊಂಚಲಾಗಿ ನೆಲಕ್ಕೆ ಬಿತ್ತು. ಆಮೇಲೆ ನೊರೆ ಹಚ್ಚಿ ರೇಜರ್ ಎಳೆದಳು. ಹಣೆ, ಮೂಗು ಬಿಸಿಲಿಗೆ ಸುಟ್ಟು ಚಕ್ಕಳವಾಗಿದ್ದವು. ಕೆನ್ನೆಯ ಕೆಳಗಿನ ಅರ್ಧ ಮುಖ ಮಾತ್ರ ಹಾಲಿನಷ್ಟು ಬೆಳ್ಳಗೆ, ಜೋತುಬಿದ್ದು, ಸುಕ್ಕುಸುಕ್ಕಾಗಿತ್ತು. ಒಂದು ಕಾಲಕ್ಕೆ ಗದ್ದದಲ್ಲಿದ್ದ ಗುಳಿ ಚರ್ಮದ ಮಡಿಕೆಯೊಳಗೆ ಎಲ್ಲೋ ಮುಚ್ಚಿಹೋಗಿತ್ತು.

ಲವಾನ್ ರೇಜರ್ ಕೆಳಗಿಟ್ಟು ಬಹಳ ಹೊತ್ತು ಆ ಮುಖ ನೋಡಿದಳು.

“ಏನು?” ಎಂದ ಅವನು.

“ಒಳಗೆ ಇನ್ನೂ ಆ ಹುಡುಗನೇ ಇರ್ತಾನೆ ಅಂದ್ಕೊಂಡಿದ್ದೆ ಕಣಯ್ಯಾ,” ಎಂದಳು. “ಹುಚ್ಚಿ ನಾನು.”

ಆರ್ವಿಲ್ ಕನ್ನಡಿ ಕೇಳಿದ. ನೋಡಿಕೊಂಡ. ಕಾರ್ಡಿನ ಮುದುಕನೂ ಅಲ್ಲ, ಕಾರು ಕೆಟ್ಟು ಇಲ್ಲಿ ಇಳಿದವನೂ ಅಲ್ಲ, ತನ್ನ ಅಪ್ಪನನ್ನು ಹೋಲುವ ಯಾರೋ ಒಬ್ಬ ಅಲ್ಲಿದ್ದ. “ನಾನೂ ಹಾಗೇ ಅಂದ್ಕೊಂಡಿದ್ದೆ,” ಎಂದ. ಆಗ ಅವನು ಅತ್ತ. ಲವಾನ್ ಅವನ ತಲೆಯನ್ನು ತನ್ನ ಎದೆಗೆ ಒತ್ತಿಕೊಂಡಳು, ಅವಳ ಎದೆಯೊಳಗಿನ ಗೊರಗೊರ ಅವನ ಕಿವಿಗೆ ಕೇಳುತ್ತಿತ್ತು. ಆ ಸದ್ದು ಕೇಳಿದ ಮೇಲೆ ಇನ್ನೊಂದು ದಿನವೂ ತಡಮಾಡಬಾರದು ಎನ್ನಿಸಿತು ಅವನಿಗೆ.

ಶುಕ್ರವಾರ ಕತ್ತೆಯನ್ನು ಪಕ್ಕದ ರ‍್ಯಾಂಚಿನವರು ಹೊಡೆದುಕೊಂಡು ಹೋದರು. ಮ್ಯಾಕ್ಸೀನಳ ತಂಗಿ ಮಗಳಿಗೆ ಲವಾನಳೇ ಫೋನ್ ಮಾಡಿದಳು, ಭಾನುವಾರ ಬಂದು ಕರೆದೊಯ್ಯುತ್ತೇನೆ ಎಂದಳಾಕೆ. ಶನಿವಾರ ಬೆಳಿಗ್ಗೆ ತಮ್ಮ ಪಿಕಪ್ ಗಾಡಿಗೆ ಪೆಟ್ಟಿಗೆಗಳನ್ನು ಏರಿಸಿ, ಲವಾನಳನ್ನು ಮುಂದೆ ಕೂರಿಸಿ, ಆರ್ವಿಲ್ ಹೇಳಿ ಹೋಗಲೆಂದು ಅಂಗಡಿಗೆ ಹೋದ. ಚೌಕಳಿ ಅಂಗಿ ಹಾಕಿದ್ದ, ತಲೆಯ ಮೇಲೆ ಏನೂ ಇರಲಿಲ್ಲ.

ಬಾಗಿಲ ಗಂಟೆ ಸದ್ದಾದದ್ದೇ ಮ್ಯಾಕ್ಸೀನ್ ಕೂತಲ್ಲಿಂದ ಚುರುಕಾದಳು. “ಬನ್ನಿ, ಬನ್ನಿ! ಎಷ್ಟು ದೂರದಿಂದ ಬಂದ್ರಿ? ಕೂತ್ಕೊಳ್ಳಿ, ರೂಟ್ ಬಿಯರ್ ಸೋಡಾ ತಣ್ಣಗಿದೆ.”

ಆರ್ವಿಲ್ ಗಿರಾಕಿಗಳ ಬೆಂಚಿನ ಮೇಲೆ ಕೂತ. ಅಲ್ಲಿ ಅವನು ಯಾವತ್ತೂ ಕೂತಿರಲಿಲ್ಲ.

“ನಮ್ಮ ಎಜ್ರಾನ ನೋಡೋಕೆ ಬಂದ್ರಾ? ಎಲ್ಲಾರೂ ಅವನನ್ನೇ ನೋಡೋಕೆ ಬರೋದು. ನೂರ ನಾಲ್ಕು ವರ್ಷ, ಹಲ್ಲು ಒಂದೂ ಬಿದ್ದಿಲ್ಲ.” ಅವಳು ಕೌಂಟರಿನ ಮೇಲೆ ತಡಕಾಡಿ ಒಂದು ಕಾರ್ಡು ತೆಗೆದು ಅವನ ಕಡೆ ಚಾಚಿದಳು. “ತಗೊಳ್ಳಿ, ದುಡ್ಡು ಬೇಡ. ನಿನ್ನೆಯಿಂದ ಕಾಣ್ಸಿಲ್ಲ ಅವನು. ನನ್ನ ಮೇಲೆ ಸಿಟ್ಟು ಮಾಡ್ಕೊಂಡಿದ್ದಾನೆ. ಬರ್ತಾನೆ. ನನ್ನ ಬಿಟ್ಟು ಎಲ್ಲಿಗೆ ಹೋಗ್ತಾನೆ?”

ಆರ್ವಿಲ್ ಎದ್ದು ಆ ಕೈ ಹಿಡಿದುಕೊಂಡ. “ಮಿಸೆಸ್ ಟಟಲ್, ನಾನು.”

ಮ್ಯಾಕ್ಸೀನ್ ಕೌಂಟರಿನ ಮೇಲೆ ಬಾಗಿ, ಅವನ ಮುಖದ ತೀರ ಹತ್ತಿರ ಮುಖ ತಂದು, ಕಣ್ಣು ಕಿರಿದು ಮಾಡಿ ನೋಡಿದಳು. ಬೋಳಾದ ಕೆನ್ನೆಯ ಮೇಲೆ ಬೆರಳಾಡಿಸಿದಳು. ಹೊರಗೆ ಲವಾನ್ ಒಮ್ಮೆ ಹಾರ್ನ್ ಒತ್ತಿದಳು.

“ಹೀಗಿದ್ದೀಯಾ ನೀನು,” ಎಂದಳು ಮ್ಯಾಕ್ಸೀನ್. ಕೈ ಹಿಂದಕ್ಕೆ ತೆಗೆದುಕೊಂಡು, ದನಿ ತಗ್ಗಿಸಿದಳು. “ಹಿಂದಿನ ಬಾಗಿಲಿಂದ ಹೋಗು ಹುಡುಗಾ. ಈ ಮುಖ ಜನ ನೋಡಿಬಿಟ್ರೆ ಚೆನ್ನಾಗಿರಲ್ಲ.”

ಹೊರಗೆ ರಸ್ತೆ ಎರಡೂ ಕಡೆ ಕಣ್ಣು ಹಾಯುವಷ್ಟು ದೂರ ಖಾಲಿ ಬಿದ್ದಿತ್ತು. ಆರ್ವಿಲ್ ಹಿಂದಿನ ಬಾಗಿಲಿನಿಂದಲೇ ಹೋದ.